ಅವಿಲ್ದಾಳ ತೊಟ್ಟಿಗೆ ಹಾಕಿದ ಕಲ್ಲು

ಯೌಕೊ ಊರಿನ ಸರ್ಕಾರಿ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಬಡಿಸುತ್ತಿದ್ದ ಇರಾಯ್ದಾಳಿಗೆ ಎರಡು ವಿಷಯದಲ್ಲಿ ಹೆಮ್ಮೆಯಿತ್ತು. ಒಂದು, ಅವಳ ಕೈಯ ತೊಗರಿಕಾಳಿನ ಅನ್ನ. ಇನ್ನೊಂದು, ಮನೆಯ ಮುಂಗೋಣೆಯಲ್ಲಿದ್ದ ಉಪ್ಪುನೀರಿನ ತೊಟ್ಟಿ. ಅನ್ನವನ್ನು ಮೆಚ್ಚುವವರು ಊರ ತುಂಬ ಇದ್ದರು. ತೊಟ್ಟಿಯನ್ನು ಮೆಚ್ಚಲು ಪೋನ್ಸೆ ಪಟ್ಟಣದಿಂದಲೂ ಜನ ಬರುತ್ತಿದ್ದರು. ಐದಡಿ ಉದ್ದದ ಗಾಜು, ಒಳಗೆ ನೇರಳೆ ಬಣ್ಣ ಹಿಡಿದ ಕಲ್ಲುಗಳ ಗುಡ್ಡ, ಗುಡ್ಡದ ಮೇಲೆ ಜೀವಂತ ಹವಳಗಳು, ಅವುಗಳ ನಡುವೆ ಹಳದಿ, ನೀಲಿ, ಕಿತ್ತಳೆ ಮೀನುಗಳು. ನಿಜವಾದ ಸಮುದ್ರ ಇಪ್ಪತ್ತು ನಿಮಿಷದ ದಾರಿ. ಆದರೂ ಮನೆಗೆ ನೆಂಟರು ಬಂದಾಗ ಬೀದಿಯವರು ಅವರನ್ನು ಮೊದಲು ಕರೆತರುತ್ತಿದ್ದುದು ಇರಾಯ್ದಾಳ ಬಾಗಿಲಿಗೇ.

ಆ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಹವಳ ಸಾಕುವವರದೊಂದು ಗುಂಪಿತ್ತು. ಬಸ್ಸಿನ ಚಾಲಕ, ಆಸ್ಪತ್ರೆಯ ದಾದಿ, ನಿವೃತ್ತ ಪೊಲೀಸಿನವ, ಹೀಗೆ ಇಪ್ಪತ್ತು ಮಂದಿ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ತೊಟ್ಟಿ ನೋಡಿ, ಹೊಟ್ಟೆ ತುಂಬ ಉಂಡು, ತಮ್ಮ ತಮ್ಮ ಮೀನುಗಳ ಬಗ್ಗೆ ನಾಲ್ಕು ಸುಳ್ಳು ಹೇಳಿ ಹೋಗುತ್ತಿದ್ದರು. ಡಿಸೆಂಬರಿನ ಸಭೆ ಮಾತ್ರ ಇರಾಯ್ದಾಳ ಮನೆಯಲ್ಲೇ ಎಂಬುದು ಎಂಟು ವರ್ಷದಿಂದ ನಡೆದುಬಂದ ವಾಡಿಕೆ.

ಆ ವಾಡಿಕೆ ತಪ್ಪಿದ್ದು ಅವಿಲ್ದಾಳಿಂದ.

ಅವಿಲ್ದಾ ಇರಾಯ್ದಾಳ ಚಿಕ್ಕಮ್ಮನ ಮಗಳು, ಆರು ತಿಂಗಳಿಗೆ ಚಿಕ್ಕವಳು. ಇಬ್ಬರೂ ಒಂದೇ ಅಜ್ಜಿಯ ಮನೆಯಲ್ಲಿ, ಒಂದೇ ಮಂಚದ ಮೇಲೆ ಮಲಗಿ ಬೆಳೆದವರು. ಅವಿಲ್ದಾ ಇವಳನ್ನು ಕರೆಯುತ್ತಿದ್ದುದು ಪ್ರಿಮಾ ಎಂದು, ಅಂದರೆ ದೊಡ್ಡಮ್ಮನ ಮಗಳು. ಈಗ ಅವಳ ಮನೆ ನಾಲ್ಕು ಮನೆ ಆಚೆಗೆ. ಗಂಡ ತೀರಿಕೊಂಡಿದ್ದ, ಮಗಳು ಮದುವೆಯಾಗಿ ಉಮಕಾವೊದಲ್ಲಿದ್ದಳು, ಅವಿಲ್ದಾ ಒಬ್ಬಳೇ ಇದ್ದುಕೊಂಡು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದಳು. ಬೆವರು ಹರಿಸದೆ ಎಲ್ಲ ಪಡೆಯುವ ಹಣೆಬರಹ ಅವಳದು ಎಂದು ಇರಾಯ್ದಾ ಗಂಡನ ಹತ್ತಿರ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಶಾಲೆಯ ಹಬ್ಬಕ್ಕೆ ರಾಣಿಯಾಗಿ ಮೆರವಣಿಗೆ ಹೋದವಳು ಅವಿಲ್ದಾ. ಅವಳು ತೊಟ್ಟ ನೀಲಿ ಗೌನನ್ನು ಹನ್ನೆರಡು ದಿನ ಕೂತು ಹೊಲಿದವಳು ಇರಾಯ್ದಾ. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಅದೃಷ್ಟದ ಚೀಟಿ ಹಂಚುವಾಗ ಸಾಲಿನಲ್ಲಿ ಮುಂದೆ ನಿಂತಿದ್ದವಳು ಇರಾಯ್ದಾ. "ಪ್ರಿಮಾ, ನಂಗೆ ಕಾಲು ನೋಯ್ತಿದೆ ಕಣೇ, ನಾನು ಮೊದ್ಲು ತಗೊಂಡು ಕೂತ್ಕೋತೀನಿ" ಎಂದು ಅವಿಲ್ದಾ ನಡುವೆ ನುಗ್ಗಿದಳು. ಬಹುಮಾನ ಬಂದದ್ದು ಆ ಚೀಟಿಗೆ. ಚಾವಣಿಗೆ ಹಾಕುವ ಸೌರಫಲಕಗಳು, ಜೊತೆಗೆ ಬೀರುವಿನಷ್ಟು ದೊಡ್ಡ ಬ್ಯಾಟರಿ. ಇರಾಯ್ದಾ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ತೊಟ್ಟಿಯೂ ಅವಿಲ್ದಾಳಿಗೆ ಹಾಗೆಯೇ ಬಂತು. ಡಾಕ್ಟರು ನಿವೃತ್ತರಾದಾಗ ಕ್ಲಿನಿಕ್ಕಿನಲ್ಲಿದ್ದ ತೊಟ್ಟಿಯನ್ನು, ದೀಪ, ಪಂಪು, ಫಿಲ್ಟರು ಸಮೇತ ಅವಳಿಗೆ ಕೊಟ್ಟುಬಿಟ್ಟರು. ಅದರಲ್ಲಿ ಏನು ಹಾಕಬೇಕು, ಉಪ್ಪು ಎಷ್ಟು ಬೆರೆಸಬೇಕು, ಎಲ್ಲ ಹೇಳಿಕೊಟ್ಟವಳು ಇರಾಯ್ದಾ. ಹೇಳಿಕೊಡುವುದೆಂದರೆ ಅವಳಿಗೂ ಇಷ್ಟ. ತನ್ನ ತೊಟ್ಟಿಯಲ್ಲಿ ಹದಿಮೂರು ತಲೆ ಬಿಟ್ಟಿದ್ದ ಸುತ್ತಿಗೆ ಹವಳದಿಂದ ಎರಡು ತಲೆಯ ಒಂದು ತುಂಡನ್ನು ತಾನೇ ಗರಗಸದಿಂದ ಕತ್ತರಿಸಿ, ಹವಳ ಕೂರಿಸಲು ಸದಾ ತಾನು ಬಳಸುವ ಗುಲಾಬಿ ಬಣ್ಣದ ಅಂಟಿನಿಂದ ಕಲ್ಲಿಗೆ ಅಂಟಿಸಿ ಕೊಟ್ಟಳು. ಹಸಿರು ಬೆರಳುಗಳ ತುದಿಯಲ್ಲಿ ಪುಟ್ಟ ಪುಟ್ಟ ಸುತ್ತಿಗೆಗಳಂತೆ ಗಂಟು ಕಟ್ಟಿ, ನೀರಿನ ಓಟಕ್ಕೆ ತೂಗಾಡುವ ಹವಳ ಅದು. "ದಿನಾ ನೋಡ್ಕೋಬೇಕು ಇದನ್ನ, ಮಗು ಥರ" ಎಂದು ಬುದ್ಧಿ ಹೇಳಿದಳು. ಅವಿಲ್ದಾ ಆಗಲಿ ಎಂದಳು, ಮತ್ತು ದಿನಾ ನೋಡಲಿಲ್ಲ. ಅವಳಿಗೆ ಮೀನುಗಳ ನೆನಪಾಗುತ್ತಿದ್ದುದೇ ಎರಡು ದಿನಕ್ಕೊಮ್ಮೆ.

ಆ ಸೆಪ್ಟೆಂಬರಿನಲ್ಲಿ ಬಿರುಗಾಳಿ ಬಂತು. ಗಾಳಿ ಒಂದೇ ದಿನ ಬೀಸಿ ಹೋಯಿತು, ಕರೆಂಟು ಮಾತ್ರ ಹನ್ನೊಂದು ದಿನ ಬರಲಿಲ್ಲ. ಇರಾಯ್ದಾಳ ಗಂಡ ಎಫ್ರಾಯಿನ್ ಪೆಟ್ರೋಲಿಗೆ ಸಾಲಿನಲ್ಲಿ ನಿಂತು ತಂದು, ಜನರೇಟರನ್ನು ದಿನಕ್ಕೆ ನಾಲ್ಕು ಗಂಟೆ ಓಡಿಸಿದ. ಉಳಿದ ಹೊತ್ತು ತೊಟ್ಟಿಯ ನೀರು ನಿಂತ ನೀರು. ಇರಾಯ್ದಾ ಲೋಟದಿಂದ ನೀರೆತ್ತಿ ಎತ್ತಿ ಸುರಿಯುತ್ತ ಕೂತಳು, ಗಾಳಿ ಆಡಲಿ ಎಂದು. ಮೂರನೆಯ ದಿನ ಅವಿಲ್ದಾ ಬಂದಳು.

"ಪ್ರಿಮಾ, ನಿನ್ನ ಮೀನು, ಹವಳ ಎಲ್ಲಾ ನಮ್ಮನೆಗೆ ತಂದು ಹಾಕೇ. ನಂಗೆ ಕರೆಂಟಿದೆ, ಜಾಗಾನೂ ಇದೆ."

"ಬೇಡ. ನಂದು ನಾನು ನೋಡ್ಕೋತೀನಿ."

"ಹಟ ಮಾಡ್ಬೇಡ್ವೇ. ಸತ್ತು ಹೋಗ್ತವೆ."

"ನೋಡ್ಕೋತೀನಿ ಅಂದ್ನಲ್ಲ."

ಐದನೆಯ ದಿನ ಹಳದಿ ಮೀನು ಸತ್ತಿತು. ಆರನೆಯ ದಿನ ಸುತ್ತಿಗೆ ಹವಳ ಕರಗಿ ಕಂದು ಗಂಜಿಯಂತಾಗಿ ಕಲ್ಲಿನಿಂದ ಜಾರಿತು. ಕರೆಂಟು ಬಂದಾಗ ಉಳಿದಿದ್ದವು ಕಿತ್ತಳೆ ಜೋಡಿ ಮೀನು, ಒಂದು ಸೀಗಡಿ, ನಾಲ್ಕಾರು ಗಟ್ಟಿ ಹವಳಗಳು. ಉಳಿದವುಗಳ ಮೇಲಿನ ಮರುಕಕ್ಕೆ ಇರಾಯ್ದಾ ಅವಕ್ಕೆ ದಿನಕ್ಕೆ ನಾಲ್ಕು ಹೊತ್ತು ಊಟ ಹಾಕತೊಡಗಿದಳು. ಫ್ರಿಜ್ಜಿನಲ್ಲಿ ಮಂಜುಗಟ್ಟಿದ ಸಣ್ಣ ಸೀಗಡಿಯ ಬಿಲ್ಲೆಗಳಿರುತ್ತಿದ್ದವು. ಒಂದರ ಬದಲು ಎರಡು.

"ಇರಾ, ಈಗ ತಾನೇ ಹಾಕಿದ್ದಲ್ವಾ?" ಎಂದು ಎಫ್ರಾಯಿನ್ ಕೇಳಿದರೆ,

"ಅದು ಬೆಳಗಿಂದು, ಇದು ಹತ್ತು ಗಂಟೇದು" ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಮರಳಿನ ಮೇಲೆ ಕಾಫಿ ಚೆಲ್ಲಿದಂಥ ಒಂದು ಕಲೆ ಕಾಣಿಸಿತು. ವಾರದೊಳಗೆ ಕಲೆ ಕೆಂಪಾಯಿತು, ಹರಡಿತು, ಕಲ್ಲುಗಳನ್ನು ಹತ್ತಿತು. ಕೆಂಪು ಲೋಳೆ. ಪಾಚಿಯಂತೆ ಕಂಡರೂ ಪಾಚಿಯಲ್ಲ. ಒದ್ದೆ ಮಖಮಲ್ಲಿನ ಹಾಳೆಯಂತೆ ಕಲ್ಲಿಗೆ ಅಂಟಿ, ಮಧ್ಯಾಹ್ನದ ಬೆಳಕಿಗೆ ಮೈತುಂಬ ಗುಳ್ಳೆ ಎಬ್ಬಿಸಿ, ಹತ್ತಿರ ಹೋದರೆ ಕೊಳೆತ ಬಸಳೆಯ ವಾಸನೆ ಹೊಡೆಯುವ ವಸ್ತು. ಇರಾಯ್ದಾ ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ತಿಕ್ಕಿದ ಚೂರುಗಳು ನೀರಿನಲ್ಲಿ ತೇಲಿ ಬೇರೆ ಕಡೆ ಕೂತು ಅಲ್ಲಿಯೂ ಬೆಳೆದವು. ನವೆಂಬರಿನ ಹೊತ್ತಿಗೆ ತೊಟ್ಟಿ ನೋಡಲು ಯಾರಾದರೂ ಬಂದರೆ ಅವಳು ಅವರನ್ನು ಅಡುಗೆಮನೆಯ ಬಾಗಿಲಿಂದ ಒಳಗೆ ಕರೆಯುತ್ತಿದ್ದಳು.

ಆಗಲೇ ಗುಂಪಿನ ವಾಟ್ಸಾಪಿನಲ್ಲಿ ಅವಿಲ್ದಾಳ ತೊಟ್ಟಿಯ ಫೋಟೋ ಬಂದದ್ದು. ನಡುವೆ ಸುತ್ತಿಗೆ ಹವಳ. ಇರಾಯ್ದಾ ಫೋಟೋವನ್ನು ಬೆರಳಿಂದ ಅಗಲಿಸಿ ತಲೆಗಳನ್ನು ಎಣಿಸಿದಳು. ಹದಿನೆಂಟು. ತಾನು ಕೊಟ್ಟದ್ದು ಎರಡು. ತನ್ನ ಮನೆಯ ತಾಯಿ ಸತ್ತು, ಕೊಟ್ಟ ಕೂಸು ಪರರ ಮನೆಯಲ್ಲಿ ಮೈ ತುಂಬಿಕೊಂಡು ನಿಂತಿತ್ತು. ಕೆಳಗೆ ಬಸ್ಸಿನ ಚಾಲಕ ಬರೆದಿದ್ದ: "ಡಿಸೆಂಬರ್ ಸಭೆ ಅವಿಲ್ದಾ ಮನೇಲಿ ಮಾಡೋಣ. ಅನ್ನ ಇರಾಯ್ದಾ ತರಲಿ." ಹದಿನಾರು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು.

"ಅನ್ನ ನಾನು ತರಬೇಕಂತೆ" ಎಂದಳು ಇರಾಯ್ದಾ.

"ಒಳ್ಳೇದಲ್ವಾ, ನಿನ್ನ ಅನ್ನ ಇಲ್ದೆ ಅವರಿಗೆ ಸಭೆ ಆಗಲ್ಲ" ಎಂದ ಎಫ್ರಾಯಿನ್, ಪಾಪ, ಸಮಾಧಾನಕ್ಕೆ.

ಅವಳು ಆ ದಿನ ಅವನ ಜೊತೆ ಮಾತಾಡಲಿಲ್ಲ.

ಸಭೆಯ ಭಾನುವಾರ ಬೆಳಿಗ್ಗೆ ಅನ್ನಕ್ಕೆ ತೊಗರಿಕಾಳು, ಹಂದಿಮಾಂಸ, ಮಸಾಲೆ ಎಲ್ಲ ಹಾಕಿ, ಪಾತ್ರೆಯ ಮೇಲೆ ಬಾಳೆಲೆ ಮುಚ್ಚಿ, ಉರಿ ಸಣ್ಣದು ಮಾಡಿದಳು. ಆಮೇಲೆ ಮುಂಗೋಣೆಗೆ ಬಂದು, ಮೊಣಕೈವರೆಗೆ ತೊಟ್ಟಿಗೆ ಕೈ ಹಾಕಿ, ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲನ್ನು ತೆಗೆದಳು. ಕಲ್ಲಿನ ಮೈಯೆಲ್ಲ ಕೆಂಪು ಲೋಳೆ. ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕೈಚೀಲದ ತಳಕ್ಕೆ ಸೇರಿಸಿದಳು. ಮಾಡುತ್ತಿರುವುದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಅವಿಲ್ದಾಳ ಮನೆಯಲ್ಲಿ ಜನ ತೊಟ್ಟಿಯ ಮುಂದೆ ಜಾತ್ರೆಯಂತೆ ನೆರೆದಿದ್ದರು. ದಾದಿ ಕೇಳುತ್ತಿದ್ದಳು, "ಏನ್ ಹಾಕ್ತೀಯ ಇದಕ್ಕೆ? ಗುಟ್ಟು ಹೇಳೇ."

"ಏನೂ ಹಾಕಲ್ಲಮ್ಮ. ನೆನಪಾದ್ರೆ ಒಂಚೂರು ಊಟ" ಎಂದು ಅವಿಲ್ದಾ ನಕ್ಕಳು. "ಎಲ್ಲಾ ಇರಾಯ್ದಾ ಹೇಳಿಕೊಟ್ಟಿದ್ದು."

ಎಲ್ಲರೂ ಇರಾಯ್ದಾಳ ಕಡೆ ತಿರುಗಿ ತಲೆಯಾಡಿಸಿದರು. ಆ ಮಾತು ಹೊಗಳಿಕೆಯೇ ಆಗಿತ್ತು; ಆದರೆ ಅವಳಿಗೆ ಸುಟ್ಟ ಗಾಯಕ್ಕೆ ಉಪ್ಪುನೀರು ಎರಚಿದಂತಾಯಿತು. ಊಟಕ್ಕೆ ಎಲ್ಲರೂ ಹಿತ್ತಲಿಗೆ ಹೋದಾಗ, ಕೈ ತೊಳೆಯುವ ನೆಪದಲ್ಲಿ ಅವಳು ಹಿಂದುಳಿದಳು. ಮುಚ್ಚಳ ಸರಿಸಿ, ಕಲ್ಲನ್ನು ಗುಡ್ಡದ ಹಿಂಬದಿಗೆ, ಗೋಡೆಯ ಕಡೆಯ ಸಂದಿಗೆ ಬಿಟ್ಟಳು. ಅವಿಲ್ದಾಳ ಮೀನುಗಳಲ್ಲೊಂದು ಬಂದು ಅವಳ ಬೆರಳನ್ನು ಕಚ್ಚಿತು. ಕೈ ಒರೆಸಿಕೊಂಡು ಹಿತ್ತಲಿಗೆ ಹೋಗಿ ಎಲ್ಲರಿಗೂ ಎರಡೆರಡು ಸಲ ಅನ್ನ ಬಡಿಸಿದಳು.

ಅಂದಿನಿಂದ ಕಾಯುವ ಕೆಲಸ ಶುರುವಾಯಿತು. ಶಾಲೆ ಬಿಟ್ಟ ಮೇಲೆ ದಿನಾ ಒಂದು ನೆಪ. ಒಂದು ದಿನ ಹಾಲು ಮೊಟ್ಟೆಯ ಸಿಹಿ ಫ್ಲಾನ್, ಒಂದು ದಿನ ಜಜ್ಜಿ ಕರಿದ ಬಾಳೆಕಾಯಿ, ಒಂದು ದಿನ ಬರಿಗೈಯಲ್ಲಿ "ಹೀಗೇ ಬಂದೆ" ಎಂಬ ಮಾತು. ಅವಿಲ್ದಾ ಕಾಫಿ ಮಾಡಲು ಒಳಗೆ ಹೋದರೆ ಇವಳು ಗೋಡೆಗೆ ಕೆನ್ನೆ ಒತ್ತಿ ಗುಡ್ಡದ ಹಿಂಬದಿಯನ್ನು ಇಣುಕುತ್ತಿದ್ದಳು. ಎರಡನೆಯ ದಿನ ಕಲ್ಲು ಕೆಂಪಗೇ ಇತ್ತು. ನಾಲ್ಕನೆಯ ದಿನ ಲೋಳೆಯ ಅಂಚು ಎದ್ದಿತ್ತು. ಹರಡಲು ಹೊರಟಿದೆ ಎಂದುಕೊಂಡಳು. ಎದೆ ಹಗುರವಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಆ ಹದಿನೆಂಟು ತಲೆಗಳ ಮೇಲೆ ಕೆಂಪು ಹಾಳೆ ಮುಚ್ಚಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಅವು ತನ್ನ ಹವಳದ ಕರುಳಕುಡಿಗಳಲ್ಲವೇ? ಕಲ್ಲನ್ನು ತೆಗೆದುಬಿಡಬೇಕು ಎನಿಸಿತು. ಮರುಕ್ಷಣವೇ, ಇರಲಿ, ಒಂದಿಷ್ಟು ಅವಳೂ ಅನುಭವಿಸಲಿ, ಎಲ್ಲ ನಾಶವಾಗುವುದು ಬೇಡ, ಒಂದಿಷ್ಟು, ಎನಿಸಿತು. ಏಳನೆಯ ದಿನ ಇಣುಕಿದಾಗ ಕಲ್ಲಿನ ಬೆನ್ನು ಬೆಳ್ಳಗಾಗಿತ್ತು. ಅವಳಿಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ತನ್ನ ತೊಟ್ಟಿ ನೋಡಿದರೆ ಅಲ್ಲಿ ಕೆಂಪು ಇನ್ನೂ ಒಂದು ಗೇಣು ಮೇಲೇರಿತ್ತು. ತನ್ನ ಮನೆಯ ಲೋಳೆಗೂ ಅವಿಲ್ದಾಳ ಮನೆ ಹೊಕ್ಕರೆ ಬುದ್ಧಿ ಬರುತ್ತದೆಯೇ ಎಂದು ಸಿಟ್ಟು ಉಕ್ಕಿತು.

ಹತ್ತನೆಯ ದಿನ, ಬುಧವಾರ, ಅವಿಲ್ದಾಳ ಮುಂಗೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಕಲ್ಲು ಹಿಂಬದಿಯಲ್ಲಿರಲಿಲ್ಲ. ತೊಟ್ಟಿಯ ಮುಂಭಾಗದಲ್ಲಿ, ಬಿಳಿ ಮರಳಿನ ನಟ್ಟನಡುವೆ, ದೀಪದ ನೇರ ಕೆಳಗೆ ಕೂತಿತ್ತು. ಒಂದೆಳೆ ಕೆಂಪಿಲ್ಲದೆ, ತೊಳೆದ ಪಾತ್ರೆಯಂತೆ.

ಅವಿಲ್ದಾ ಎರಡು ಪುಟ್ಟ ಬಟ್ಟಲು ಕಾಫಿ ತಂದು ಮೇಜಿನ ಮೇಲಿಟ್ಟಳು. "ಹೇಗಿದೆ ನನ್ನ ಹೊಸ ಕಲ್ಲು?"

"ಯಾವ ಕಲ್ಲು?"

"ಕಣ್ಣೆದುರಿಗೇ ಇದ್ಯಲ್ಲ. ಆ ಗುಲಾಬಿ ಅಂಟು ಈ ಸೀಮೇಲಿ ನಿನ್ನ ಬಿಟ್ಟು ಯಾರೂ ಹಚ್ಚಲ್ಲ ಕಣೇ. ಸಭೆ ದಿನ ಸಂಜೇನೇ ಸಿಕ್ತು ನಂಗೆ. ಮೀನೆಲ್ಲಾ ಹಿಂದೆ ಸೇರ್ಕೊಂಡಿದ್ವು, ಯಾಕೆ ಅಂತ ನೋಡ್ದೆ."

ಇರಾಯ್ದಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಮತ್ತೆ ಯಾಕೆ ತೆಗೆದು ಬಿಸಾಕ್ಲಿಲ್ಲ?"

"ಬಿಸಾಕೋಕೆ ಅಂತಾನೇ ಕೈ ಹಾಕ್ದೆ. ಆಮೇಲೆ ಹಟ ಬಂತು. ಇವಳು ಎಲ್ಲಿವರೆಗೆ ಹೋಗ್ತಾಳೆ ನೋಡೋಣ ಅಂತ. ಒಂದು ಕೆಂಪು ಚುಕ್ಕೆ ಮರಳಿಗೆ ಇಳಿದಿದ್ರೂ ಬೀದೀಲಿ ನಿಂತು ನಿನ್ನ ಹೆಸರು ಕೂಗ್ತಿದ್ದೆ, ಗೊತ್ತಿರ್ಲಿ. ಇಳೀಲಿಲ್ಲ. ತಾನಾಗೇ ಕಳಚಿ ಹೋಯ್ತು. ನೀನು ದಿನಾ ಕುತ್ತಿಗೆ ಉದ್ದ ಮಾಡ್ಕೊಂಡು ಇಣುಕೋದು ಮಾತ್ರ ನೋಡಿ ನೋಡಿ ಸಾಕಾಯ್ತು. ಅದಕ್ಕೇ ಮುಂದಕ್ಕೆ ತಂದಿಟ್ಟೆ."

ಇರಾಯ್ದಾ ಕುರ್ಚಿ ಬಿಟ್ಟು ತೊಟ್ಟಿಯ ಕಡೆ ತಿರುಗಿದಳು.

"ನಂಗೆ ಹೊಟ್ಟೆಕಿಚ್ಚು, ಅವಿಲ್ದಾ."

"ಅದು ಇವತ್ತು ಗೊತ್ತಾಗ್ಬೇಕಾ ನಂಗೆ? ರಾಣಿ ಗೌನು ಹೊಲಿದ್ಯಲ್ಲ, ಸೊಂಟದ ಹತ್ರ ನೀನು ಒಂದು ಗುಂಡುಸೂಜಿ ಬಿಟ್ಟಿದ್ದೆ. ಮೆರವಣಿಗೆ ಮುಗಿಯೋವರೆಗೂ ಚುಚ್ತಾನೇ ಇತ್ತು."

"ಅದು ಮರೆತು ಬಿಟ್ಟಿದ್ದು."

"ಇರ್ಬಹುದು" ಎಂದಳು ಅವಿಲ್ದಾ. ಕಾಫಿಗೆ ಸಕ್ಕರೆ ಹಾಕಿ ಕಲಕುತ್ತ, ತಲೆ ಎತ್ತದೆ ಹೇಳಿದಳು: "ಬಿರುಗಾಳಿ ಆದ್ಮೇಲೆ ನಿನ್ನ ತೊಟ್ಟಿ ಕೆಟ್ಟಾಗ ನಂಗೂ ಒಳಗೊಳಗೇ ಒಂದು ಚಿಟಿಕೆ ಖುಷಿ ಆಯ್ತು. ಆಗ್ಲಿಲ್ಲ ಅಂದ್ರೆ ಸುಳ್ಳು. ಎಲ್ಲರೂ ನಮ್ಮನೆಗೆ ಬಂದ್ರಲ್ಲ, ಅದಕ್ಕೂ ಆಯ್ತು. ಆದ್ರೆ ನಾನು ನಿನ್ನ ಮನೆಗೆ ಕಲ್ಲು ತಗೊಂಡು ಬರ್ಲಿಲ್ಲ. ಕಾಫಿ ಕುಡಿದು ಹೋಗು ಪ್ರಿಮಾ. ಸ್ವಲ್ಪ ದಿನ ಈ ಕಡೆ ಬರ್ಬೇಡ."

ಇರಾಯ್ದಾ ಕಾಫಿ ಕುಡಿಯಲಿಲ್ಲ. ನಾಲ್ಕು ಮನೆ ದಾಟುವಷ್ಟರಲ್ಲಿ ಅವಳ ಕಿವಿ, ಕತ್ತು ಎಲ್ಲ ಕಾದು ಕೆಂಪಾಗಿತ್ತು. ನಾಚಿಕೆಯಾಗಿತ್ತು, ನಿಜ. ಆದರೆ ನಾಚಿಕೆಯ ಅಡಿಯಲ್ಲಿ ಆ ಹಳೆಯ ಉರಿ ಹಾಗೇ ಇತ್ತು: ಕಲ್ಲು ಹಾಕಿದರೂ ಅವಳದು ಕೆಡಲಿಲ್ಲವಲ್ಲ. ಏಕೆ ಕೆಡಲಿಲ್ಲ?

ಶನಿವಾರ ಅವಳು ಪೋನ್ಸೆಗೆ ಹೋದಳು. ಅಲ್ಲಿ ಬ್ರೆಡ್ಡಿನಂಗಡಿಯ ಹಿಂದೆ ಡಾನ್ ಚಾಗೊ ಎಂಬ ಮುದುಕರ ಹವಳದಂಗಡಿಯಿತ್ತು. ಕಲ್ಲಿನ ಕತೆಯನ್ನು "ನಮ್ಮ ಪರಿಚಯದವಳೊಬ್ಬಳು" ಎಂದು ಬದಲಾಯಿಸಿ ಹೇಳಿದಳು. ಡಾನ್ ಚಾಗೊ ಕನ್ನಡಕ ಮೇಲೆತ್ತಿದರು.

"ಆ ಪರಿಚಯದವಳಿಗೆ ಹೇಳಿ ಡೋನ್ಯಾ, ಸುಮ್ನೆ ಒಂದು ಕಲ್ಲು ದಂಡ ಅಂತ. ಈ ಲೋಳೆ ಯಾರ ಮನೆಗೂ ಹೊಸದಾಗಿ ಬರಲ್ಲ. ನನ್ನ ತೊಟ್ಟೀಲೂ ಇದೆ, ನಿಮ್ಮದ್ರಲ್ಲೂ ಇದೆ, ಸಮುದ್ರದಲ್ಲೂ ಇದೆ. ಕಣ್ಣಿಗೆ ಕಾಣದಷ್ಟು ಇರುತ್ತೆ. ಎಲ್ಲಿ ಊಟ ಹೆಚ್ಚಾಗಿ ಕೊಳೆಯುತ್ತೋ, ಎಲ್ಲಿ ನೀರು ಓಡಾಡದೆ ನಿಲ್ಲುತ್ತೋ, ಅಲ್ಲಿ ಹಾಸಿಗೆ ಹಾಸ್ಕೊಂಡು ಮಲಗುತ್ತೆ. ನೀವು ದಿನಕ್ಕೆ ಎಷ್ಟು ಸಲ ಊಟ ಹಾಕ್ತೀರಿ?"

"ನಾಲ್ಕು."

"ಎಷ್ಟು ಮೀನು?"

"ಎರಡು."

ಡಾನ್ ಚಾಗೊ ನಗಲಿಲ್ಲ. ಅವರು ನಗದೇ ಇದ್ದುದು ಅವಳಿಗೆ ಇನ್ನೂ ಕಷ್ಟವಾಯಿತು.

"ಕೊಲ್ಲೋ ಪುಡಿ ಇದ್ಯಂತಲ್ಲ, ಅದು ಕೊಡಿ" ಎಂದಳು.

"ಇದೆ. ಕೊಡಲ್ಲ. ಇವತ್ತು ಸಾಯುತ್ತೆ, ಸತ್ತಿದ್ದೇ ಕೊಳೆತು ಊಟ ಆಗಿ ಬರೋ ತಿಂಗಳು ಎದ್ದು ಬರುತ್ತೆ. ಬುಡಕ್ಕೆ ಕೈ ಹಾಕಿ ಡೋನ್ಯಾ. ತೆಳ್ಳನೆ ಪೈಪಿಂದ ಎಳೆದು ತೆಗೀರಿ, ತಿಕ್ಬೇಡಿ. ಹಿಂದಿನ ಮೂಲೆಗೆ ಇನ್ನೊಂದು ಪಂಪು ಹಾಕಿ. ಊಟ ಎರಡು ದಿನಕ್ಕೊಂದ್ಸಲ, ಬಿಲ್ಲೇಲಿ ಕಾಲು ಭಾಗ. ಒಳ್ಳೆ ಶುದ್ಧ ನೀರಲ್ಲಿ ಉಪ್ಪು ಬೆರೆಸಿ ವಾರ ವಾರ ಒಂದಿಷ್ಟು ಬದಲಾಯಿಸಿ. ಚೆನ್ನಾಗಿ ಎಳೆದು ತೆಗೆದ ಮೇಲೆ ಮೂರು ದಿನ ಕತ್ತಲೆ ಮಾಡಿ. ಗಾಳಿ ಗುಳ್ಳೆ ಮಾತ್ರ ನಿಲ್ಲಿಸ್ಬೇಡಿ, ಮೀನು ಉಸಿರುಕಟ್ಟುತ್ತೆ."

ಕೆಲಸಕ್ಕೆ ಇರಾಯ್ದಾ ಎಂದೂ ಹೆದರಿದವಳಲ್ಲ. ಕ್ರಿಸ್ಮಸ್ಸಿನ ರಜೆ ಬಂದಿತ್ತು. ಬೆರಳು ದಪ್ಪದ ಪೈಪಿನ ಒಂದು ತುದಿಯನ್ನು ಲೋಳೆಯ ಅಂಚಿಗೆ ಹಿಡಿದು ಎಳೆದರೆ ಕೆಂಪು ಹಾಳೆ ಚರ್ಮ ಸುಲಿದಂತೆ ಎದ್ದು ಬಕೆಟ್ಟಿಗೆ ಬೀಳುತ್ತಿತ್ತು. ದಿನ ಬಿಟ್ಟು ದಿನ ಎಳೆದಳು. ಎಫ್ರಾಯಿನ್ ಬಕೆಟ್ಟು ಹಿಡಿಯಲು ಬಂದು, ಹಾಳೆ ಸಿಕ್ಕಿಕೊಂಡಾಗ ಪೈಪು ಅಲ್ಲಾಡಿಸಿ, ಎರಡು ಸಲ ನೆಲವೆಲ್ಲ ಉಪ್ಪುನೀರು ಮಾಡಿದ ಮೇಲೆ ಅವನನ್ನು ಹೊರಗೆ ಕಳಿಸಿದಳು. ಕಷ್ಟವಾದದ್ದು ಊಟ ಹಾಕದಿರುವುದು. ಅವಳು ಕೋಣೆಗೆ ಬಂದರೆ ಸಾಕು, ಮೀನುಗಳೆರಡೂ ಗಾಜಿಗೆ ಮೂತಿ ಒತ್ತಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹಸಿದ ಬಾಯಿಗೆ ಇಲ್ಲವೆನ್ನುವುದನ್ನು ಅವಳು ಯಾವ ಅಡುಗೆಮನೆಯಲ್ಲೂ ಕಲಿತಿರಲಿಲ್ಲ. ಕೊನೆಗೆ ಸೀಗಡಿಯ ಪೊಟ್ಟಣವನ್ನು ಎಫ್ರಾಯಿನ್ನನ ಕೈಗೆ ಕೊಟ್ಟು, "ಪಕ್ಕದ ಮನೆ ಫ್ರಿಜ್ಜಲ್ಲಿಡು, ನಾನು ಕೇಳಿದ್ರೂ ಕೊಡ್ಬೇಡ" ಎಂದಳು.

ಡಿಸೆಂಬರ್ ಇಪ್ಪತ್ತೇಳಕ್ಕೆ ಅವಳು ತೊಟ್ಟಿಯ ದೀಪ ಆರಿಸಿ, ಇಡೀ ಗಾಜಿಗೆ ಕಪ್ಪು ಬಟ್ಟೆ ಸುತ್ತಿದಳು. ಮಧ್ಯಾಹ್ನ ಬೀದಿಯಲ್ಲಿ ಹೋಗುತ್ತಿದ್ದ ಅವಿಲ್ದಾಳಿಗೆ ತೆರೆದ ಕಿಟಕಿಯಿಂದ ಕಂಡದ್ದು ಮುಂಗೋಣೆಯಲ್ಲಿ ಶವದ ಪೆಟ್ಟಿಗೆಯಂಥ ಕಪ್ಪು ಆಕಾರ. ಅವಳು ಬಾಗಿಲು ತಟ್ಟದೆ ಒಳಗೆ ಬಂದಳು.

"ಯಾರು ಹೋದ್ರು?"

"ಯಾರೂ ಹೋಗಿಲ್ಲ. ಕತ್ತಲೆ ಮಾಡಿದೀನಿ. ಮೂರು ದಿನ."

ಅವಿಲ್ದಾ ಕಪ್ಪು ಬಟ್ಟೆಯ ಸುತ್ತ ಒಂದು ಸುತ್ತು ಬಂದು ನೋಡಿದಳು. ಒಂದು ಮೂಲೆಯಲ್ಲಿ ಬೆಳಕು ನುಸುಳುತ್ತಿತ್ತು. ಬಟ್ಟೆಯನ್ನು ಎಳೆದು ಸಿಕ್ಕಿಸಿದಳು. "ಒಳಗೆ ನೋಡಿದ್ಯಾ?"

"ಇಲ್ಲ. ನೋಡ್ಬಾರ್ದಂತೆ."

"ನಿನ್ ಕೈಲಿ ಆಗುತ್ತಾ?"

"ಅದಕ್ಕೇ ಅಡುಗೆಮನೇಲಿ ಕೂತಿದೀನಿ."

ಅವಿಲ್ದಾ ಹೋಗಲಿಲ್ಲ. ಅಡುಗೆಮನೆಗೆ ಬಂದು ಕೂತು, ಮೇಜಿನ ಮೇಲಿದ್ದ ಕ್ರಿಸ್ಮಸ್ಸಿನ ಕಡುಬು, ಪಾಸ್ತೆಲೆಸ್ಸಿನ ಬಾಳೆಲೆ ಬಿಡಿಸಿ ಎರಡು ತಿಂದಳು. ಕಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ. ಮೂರನೆಯ ದಿನ ಬಟ್ಟೆ ತೆಗೆಯುವಾಗಲೂ ಅವಳು ಬಂದಳು. ಕೆಂಪು ಬಹುಪಾಲು ಬೂದಿಯಾಗಿ, ಸಡಿಲವಾಗಿ ತೂಗುತ್ತಿತ್ತು. ಇರಾಯ್ದಾ ಪೈಪು ಹಿಡಿದಳು, ಅವಿಲ್ದಾ ಇನ್ನೊಂದು ತುದಿಯನ್ನು ಬಕೆಟ್ಟಿನಲ್ಲಿ ಬೆರಳಿಂದ ಒತ್ತಿ ಬಿಟ್ಟು ಮಾಡುತ್ತ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಹೇಳದೆಯೇ ನಿಲ್ಲಿಸಿದಳು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಇದನ್ನೂ ಇವಳು ಕಲಿಯದೇ ಮಾಡುತ್ತಾಳಲ್ಲ ಎಂದು ಇರಾಯ್ದಾಳಿಗೆ ಒಂದು ಕ್ಷಣ ಕಿರಿಕಿರಿಯಾಯಿತು.

ಲೋಳೆ ಒಂದೇ ಸಲಕ್ಕೆ ಹೋಗಲಿಲ್ಲ. ಜನವರಿಯಲ್ಲಿ ಎರಡು ಸಲ ತಿರುಗಿ ಬಂತು, ಪ್ರತಿ ಸಲವೂ ಮೊದಲಿಗಿಂತ ಚಿಕ್ಕದಾಗಿ. ಆ ನಡುವೆ ಸೀಗಡಿ ಸತ್ತಿತು, ಇರಾಯ್ದಾ ಅತ್ತಳು. ಜನವರಿ ಮುಗಿಯುವಾಗ ಮರಳು ಬಿಳುಪಾಗಿತ್ತು, ಕಲ್ಲುಗಳ ಮೇಲೆ ಅಲ್ಲಲ್ಲಿ ನೇರಳೆ ಮತ್ತೆ ಕಾಣಿಸಿತ್ತು. ಹವಳ ಹೆಚ್ಚಿರಲಿಲ್ಲ. ತೊಟ್ಟಿ ಬೋಳುಬೋಳಾಗಿತ್ತು, ಆದರೆ ಶುಭ್ರವಾಗಿತ್ತು.

ಫೆಬ್ರವರಿ ಕೊನೆಗೆ ಅವಿಲ್ದಾಳ ಮಗಳಿಗೆ ಹೆರಿಗೆಯಾಯಿತು. ಎರಡು ವಾರಕ್ಕೆ ಉಮಕಾವೊಗೆ ಹೊರಟ ಅವಿಲ್ದಾ ಮನೆಯ ಬೀಗದ ಕೈ ತಂದು ಇರಾಯ್ದಾಳ ಮುಂದೆ ಇಟ್ಟಳು.

"ನಂಗಾ?" ಎಂದಳು ಇರಾಯ್ದಾ.

"ಇನ್ಯಾರಿಗೆ ಕೊಡ್ಲಿ? ಏನು ಮಾಡ್ಬಾರ್ದು ಅಂತ ನಿನ್ನಷ್ಟು ಗೊತ್ತಿರೋರು ಯಾರಿದಾರೆ?" ಎಂದು ಅವಿಲ್ದಾ ಮೂತಿ ಓರೆ ಮಾಡಿದಳು. "ಎರಡು ದಿನಕ್ಕೊಂದು ಚಿಟಿಕೆ. ಚಿಟಿಕೆ ಅಂದ್ರೆ ನಿನ್ನ ಚಿಟಿಕೆ ಅಲ್ಲ, ನನ್ನ ಚಿಟಿಕೆ."

ಇರಾಯ್ದಾ ಹೇಳಿದಂತೆಯೇ ಹಾಕಿದಳು. ಪ್ರತಿ ಸಲವೂ ಸುತ್ತಿಗೆ ಹವಳದ ಮುಂದೆ ನಿಂತು ತಲೆ ಎಣಿಸಿದಳು. ಇಪ್ಪತ್ತೊಂದು. ಪ್ರತಿ ಸಲವೂ ಆ ಹಳೆಯ ಕಿಚ್ಚು ಮೇಲೇಳುತ್ತಿತ್ತು. ಇನ್ನು ಅದು ಹೋಗುವುದಿಲ್ಲವೇನೋ ಎಂದು ಒಪ್ಪಿಕೊಂಡು ಬಾಗಿಲಿಗೆ ಬೀಗ ಹಾಕಿ ಬರುತ್ತಿದ್ದಳು.

ಎಂಟನೆಯ ದಿನ ಎಡ ಮೂಲೆಯ ಪಂಪು ನಿಂತಿತ್ತು. ಅದರ ಕೆಳಗೆ, ಮರಳಿನ ಮೇಲೆ, ಅಂಗೈ ಅಗಲದ ಕೆಂಪು.

ಅವಳು ಬಗ್ಗಿ ನೋಡಿದಳು. ಅನುಮಾನವೇ ಇರಲಿಲ್ಲ; ಅದೇ ಮಖಮಲ್ಲು, ಅದೇ ಗುಳ್ಳೆ. ಮೊದಲು ಬಂದದ್ದು ಹೆದರಿಕೆ: ಇದೂ ನನ್ನ ಕೈವಾಡವೇ ಎಂದುಕೊಳ್ಳುತ್ತಾಳೆ ಅವಿಲ್ದಾ. ಆಮೇಲೆ ಬಂದದ್ದು ಬೇರೆ. ಅವಳು ಅವಿಲ್ದಾಳ ಅಡುಗೆಮನೆಗೆ ಹೋಗಿ ಕಾಫಿ ಕಾಸಿದಳು, ಬಟ್ಟಲು ತುಂಬಿಕೊಂಡು ಬಂದಳು, ಕುರ್ಚಿ ಎಳೆದು ಆ ಮೂಲೆಗೆ ಎದುರಾಗಿ ಹಾಕಿ ಕೂತಳು. ಗುಟುಕು ಗುಟುಕಾಗಿ, ಆತುರವಿಲ್ಲದೆ, ಕೆಂಪನ್ನೇ ನೋಡುತ್ತ ಕುಡಿದಳು. ಆ ಮನೆಯಲ್ಲಿ ಅಷ್ಟು ರುಚಿಯ ಕಾಫಿಯನ್ನು ಅವಳು ಹಿಂದೆ ಕುಡಿದಿರಲಿಲ್ಲ.

ಕುಡಿದಾದ ಮೇಲೆ ಬಟ್ಟಲು ತೊಳೆದಿಟ್ಟು, ತೋಳು ಮಡಿಸಿದಳು. ಪಂಪು ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿದಳು. ಮನೆಯಿಂದ ತನ್ನ ಪೈಪು ತಂದು ಕೆಂಪನ್ನು ಚೂರೂ ಉಳಿಯದಂತೆ ಎಳೆದಳು. ಪಂಪು ತಿರುಗತೊಡಗಿದ ಮೇಲೆ ಅವಿಲ್ದಾಳಿಗೆ ಫೋನು ಮಾಡಿದಳು.

"ಎಡಗಡೆ ಪಂಪು ನಿಂತಿತ್ತು. ಲೋಳೆ ಬಂದಿತ್ತು. ನಾನಲ್ಲ."

"ಗೊತ್ತು. ಆ ಪಂಪು ಹೊರಡೋ ಮುಂಚೆನೇ ಗೊರ ಗೊರ ಅಂತಿತ್ತು. ಎಷ್ಟಿತ್ತು?"

"ಅಂಗೈ ಅಗಲ."

"ತೆಗೆದ್ಯಾ?"

"ತೆಗೆದೆ."

"ಕಂಡ ತಕ್ಷಣ?"

ಇರಾಯ್ದಾ ತೊಳೆದಿಟ್ಟ ಬಟ್ಟಲಿನ ಕಡೆ ನೋಡಿದಳು. "ಕಾಫಿ ಕುಡಿದು ತೆಗೆದೆ."

ಆ ಕಡೆ ಅವಿಲ್ದಾ ನಕ್ಕಳು, ತಡೆಯಲಾರದೆ, ಕೆಮ್ಮು ಬರುವಷ್ಟು. ಹತ್ತಿರದಲ್ಲೇ ಮಲಗಿದ್ದ ಕೂಸು ಎಚ್ಚರವಾಗಿ ಅಳತೊಡಗಿತು.

"ಎಬ್ಬಿಸಿಬಿಟ್ಟೆ ನೋಡು" ಎಂದು ಅವಿಲ್ದಾ ಫೋನು ಇಟ್ಟಳು.

ಇರಾಯ್ದಾ ಬಕೆಟ್ಟಿನ ಕೆಂಪು ನೀರನ್ನು ಚರಂಡಿಗೆ ಸುರಿದು, ಪೈಪು ಸುತ್ತಿಕೊಂಡು, ಬಾಗಿಲಿಗೆ ಬೀಗ ಹಾಕಿ ಮನೆಗೆ ನಡೆದಳು.